ಚಿಪ್ಪಿನ ಗುರುತಿನ ದಾರಿಯಲ್ಲಿ ಒಂದು ಹಗಲು

ನಡೆಯುವುದಕ್ಕೋಸ್ಕರ ಏಳೆಂಟು ಸಾವಿರ ಕಿಲೋಮೀಟರು ವಿಮಾನದಲ್ಲಿ ಹಾರಿಹೋಗಿದ್ದೆ ಎಂದರೆ ನನ್ನ ಊರಿನ ಹಿರಿಯರು ನಕ್ಕಾರು. ಅವರಿಗೆ ನಡಿಗೆ ವಿನೋದವಾಗಿರಲಿಲ್ಲ. ತೋಟಕ್ಕೆ, ಸಂತೆಗೆ, ಮದುವೆಗೆ, ಮಸಣಕ್ಕೆ ಅವರು ನಡೆದೇ ಹೋದರು. ಊರಿಗೆ ಬಸ್ಸು ಬಂದ ದಿನ ಸಂತೋಷದಿಂದ ಹತ್ತಿ ಕುಳಿತರು. ಅಂಥವರ ಮೊಮ್ಮಗನಾದ ನಾನು ಅರವತ್ತೇಳನೆಯ ವಯಸ್ಸಿನಲ್ಲಿ, ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ, ಯಾವ ಕೆಲಸವೂ ಇಲ್ಲದೆ, ಒಂದು ಇಡೀ ಹಗಲು ನಡೆದೆ. ಆ ಒಂದು ದಿನದ ವಿಚಾರವನ್ನು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಮಗ ಫ್ರಾನ್ಸಿನ ದಕ್ಷಿಣ ಭಾಗದ ತುಲೂಸ್ ನಗರದಲ್ಲಿ ಎಂಜಿನಿಯರ್. ಎರಡು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಅವನಲ್ಲಿಗೆ ಹೋಗಿದ್ದೆವು. ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಅವನು, “ಅಪ್ಪಯ್ಯ, ನೀವು ಮೂವತ್ತು ವರ್ಷ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವರು. ಒಂದು ದಿನ ಅದರ ಮೇಲೆ ನಡೆದು ನೋಡುತ್ತೀರಾ?” ಎಂದ. ಪತ್ನಿಗೆ ಮಂಡಿನೋವು, ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದಳು. ತಂದೆ ಮಗ ಇಬ್ಬರೇ ಹೊರಟೆವು.

ನಮ್ಮಿಬ್ಬರ ನಡುವೆ ಆಗ ಒಂದು ಮಾತು ಉಳಿದುಹೋಗಿತ್ತು. ತೀರ್ಥಹಳ್ಳಿಯ ಕಡೆ ನಮ್ಮದೊಂದು ಹಳ್ಳಿಯ ಮನೆ. ತಾಯಿ ತೀರಿಕೊಂಡ ಮೇಲೆ ಬೀಗ ಹಾಕಿ ಹನ್ನೊಂದು ವರ್ಷವಾಗಿತ್ತು. ಹಿಂದೊಮ್ಮೆ ಫೋನಿನಲ್ಲಿ ಅವನು “ಆ ಮನೆ ಕೊಟ್ಟುಬಿಡಿ ಅಪ್ಪಯ್ಯ” ಎಂದಿದ್ದ. ನಾನು ಬದುಕಿರುವ ತನಕ ಆ ಮಾತೆತ್ತಬೇಡ ಎಂದಿದ್ದೆ. ಅಲ್ಲಿಂದಾಚೆಗೆ ನಮ್ಮ ಮಾತುಕತೆ ಮಳೆ, ಆರೋಗ್ಯ, ಮೊಮ್ಮಗಳ ಶಾಲೆ ಇವಿಷ್ಟರಲ್ಲೇ ಸುತ್ತುತ್ತಿತ್ತು.

ನಾವು ಆರಿಸಿಕೊಂಡದ್ದು ಬಹಳ ಹಳೆಯ ದಾರಿ. ಸ್ಪೇನಿನ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೋ ಎಂಬ ಊರಿದೆ. ಕ್ರಿಸ್ತನ ಶಿಷ್ಯನಾದ ಯಾಕೋಬನ ಸಮಾಧಿ ಅಲ್ಲಿದೆಯೆಂದು ನಂಬಿದ ಜನ ಸಾವಿರ ವರ್ಷಗಳಿಂದ ಯುರೋಪಿನ ನಾನಾ ಭಾಗಗಳಿಂದ ನಡೆದು ಬಂದಿದ್ದಾರೆ. ಫ್ರಾನ್ಸಿನ ಲ ಪ್ವಿ ಎಂಬ ಊರಿನ ಬಿಷಪ್ ಗೋದೆಸ್ಕಾಲ್ಕ್ 950–51ರಲ್ಲಿ ಅಲ್ಲಿಗೆ ಹೋಗಿಬಂದ. ಸ್ಪೇನಿನ ಹೊರಗಿನಿಂದ ಹೋದ ಯಾತ್ರಿಕರಲ್ಲಿ ಹೆಸರು ತಿಳಿದಿರುವ ಮೊದಲಿಗರಲ್ಲಿ ಅವನೊಬ್ಬ. ಅವನ ಊರಿನಿಂದ ಹೊರಡುವ ದಾರಿ ಪಿರನೀಸ್ ಪರ್ವತದ ಬುಡದವರೆಗೆ ಸುಮಾರು 750 ಕಿಲೋಮೀಟರು. ಅಲ್ಲಿಂದ ಸಾಂತಿಯಾಗೋವಿಗೆ ಇನ್ನೂ ಅಷ್ಟೇ. ಹಿಂದಿನವರು ತಿರುಗಿಯೂ ನಡೆದೇ ಬರಬೇಕಾಗಿತ್ತೆಂಬುದನ್ನು ನಾವು ಮರೆಯಬಾರದು. ಹೋಗಿಬಂದುದಕ್ಕೆ ಗುರುತಾಗಿ ಅವರು ಕಡಲತೀರದ ಬೀಸಣಿಗೆಯಾಕಾರದ ಚಿಪ್ಪೊಂದನ್ನು ತರುತ್ತಿದ್ದರು. ಆ ಚಿಪ್ಪೇ ಇಂದಿಗೂ ಈ ದಾರಿಯ ಲಾಂಛನ. ಯುಗಾದಿಯ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವವರನ್ನು ಕಂಡ ನಮಗೆ ಇದೇನೂ ವಿಚಿತ್ರವಲ್ಲ. ದಾರಿಯುದ್ದಕ್ಕೂ ನಮ್ಮಲ್ಲಿ ಅರವಟ್ಟಿಗೆ, ಅವರಲ್ಲಿ ಯಾತ್ರಿಕರ ಆಶ್ರಯ ಗೃಹ.

ಇಂದು ದಾರಿ ತೋರಿಸುವುದು ಚಿಪ್ಪೊಂದೇ ಅಲ್ಲ. 1947ರಲ್ಲಿ ಫ್ರಾನ್ಸಿನ ಕೆಲವು ಉತ್ಸಾಹಿಗಳು ದೂರದ ಕಾಲುದಾರಿಗಳಿಗೆ ಗುರುತು ಹಾಕುವ ಕೆಲಸವನ್ನು ಆರಂಭಿಸಿದರು. ಮರದ ಕಾಂಡಕ್ಕೆ, ಬಂಡೆಗೆ, ಗೋಡೆಯ ಮೂಲೆಗೆ ಎರಡು ಪಟ್ಟಿ ಬಣ್ಣ: ಮೇಲೆ ಬಿಳಿ, ಕೆಳಗೆ ಕೆಂಪು. ಅವೇ ಎರಡು ಪಟ್ಟಿಗಳು ಒಂದನ್ನೊಂದು ಕತ್ತರಿಸಿದ್ದರೆ ದಾರಿ ತಪ್ಪಿದೆಯೆಂದರ್ಥ. ಭಾಷೆ ಬಾರದವನಿಗೂ ಅಂಗೈಯಗಲದ ಈ ಬಣ್ಣ ಸಾಕು. 1998ರಲ್ಲಿ ಯುನೆಸ್ಕೋ ಸಂಸ್ಥೆ ಫ್ರಾನ್ಸಿನಲ್ಲಿರುವ ಈ ಯಾತ್ರಾಮಾರ್ಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇವಾಲಯ ಸೇತುವೆಗಳಲ್ಲದೆ ದಾರಿಯ ಏಳು ತುಂಡುಗಳನ್ನೂ ಅದು ಆರಿಸಿತು. ಅವುಗಳಲ್ಲೊಂದು ಸ್ಯಾಂ ಕೋಮ್ ದೋಲ್ತ್ ಹಳ್ಳಿಯಿಂದ ಎಸ್ತ್ಯಾಂ ಹಳ್ಳಿಯವರೆಗಿನದು. ನಮ್ಮ ಹಗಲಿನ ನಡಿಗೆ ಇದೇ. ಏರಿಳಿತ ಸೇರಿ ಹತ್ತಿರ ಹತ್ತಿರ 20 ಕಿಲೋಮೀಟರು.

ಬೆಳಿಗ್ಗೆ ಏಳು ಗಂಟೆಗೆ ಸ್ಯಾಂ ಕೋಮ್‌ನ ಚೌಕದಲ್ಲಿ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಚರ್ಚಿನ ಶಿಖರ. ಒದ್ದೆಬಟ್ಟೆಯನ್ನು ಹಿಂಡಿದಂತೆ ಅದು ತಿರುಚಿಕೊಂಡು ಮೇಲೇರಿದೆ. ಫ್ರೆಂಚರು ಅದನ್ನು ಜ್ವಾಲೆಗೆ ಹೋಲಿಸುತ್ತಾರೆ. ಕಟ್ಟಡ 16ನೆಯ ಶತಮಾನದ್ದು. ಕಟ್ಟಿದವನು ಆಂತ್ವಾನ್ ಸಾಲ್ವಾಂ ಎಂಬ ಶಿಲ್ಪಿ. ಅದರ ಓಕ್ ಮರದ ಬಾಗಿಲಿಗೆ ಕಮ್ಮಾರನು ಬಡಿದ 365 ಮೊಳೆಗಳಿವೆಯೆಂದು ಹೇಳುತ್ತಾರೆ, ದಿನಕ್ಕೊಂದರಂತೆ. ಎಣಿಸಲು ಹೊರಟ ನಾನು ನಲವತ್ತಕ್ಕೆ ಲೆಕ್ಕ ತಪ್ಪಿದೆ. ಊರು ದುಂಡಗೆ ಸುತ್ತಿಕೊಂಡಿದೆ. ಹಿಂದೆ ಕೋಟೆಯ ಕಂದಕವಿದ್ದಲ್ಲಿ ಈಗ ಮನೆಗಳ ಬಳೆ. ರೊಟ್ಟಿಯಂಗಡಿಯೊಂದೇ ಬಾಗಿಲು ತೆರೆದಿತ್ತು. ಬಿಸಿ ರೊಟ್ಟಿ, ಒಂದು ತುಂಡು ಗಿಣ್ಣು ಕೊಂಡು ಚೀಲಕ್ಕೆ ಹಾಕಿಕೊಂಡೆವು. ಅಂಗಡಿಯಾಕೆ ದಾರಿ ಒಳ್ಳೆಯದಾಗಲಿ ಎಂದು ಹರಸಿದಳು. ಆ ದಿನ ಎಷ್ಟೋ ಬಾಯಿಂದ ಅದೇ ಹರಕೆಯನ್ನು ಕೇಳಿದೆ.

ಊರಿನ ಹೆಸರಿನ ಬಾಲದಲ್ಲಿರುವ ‘ಓಲ್ತ್’ ಎಂಬುದು ಪಕ್ಕದಲ್ಲಿ ಹರಿಯುವ ಲೋತ್ ನದಿಯ ಹಳೆಯ ಹೆಸರು. ಅದು ಆಕ್ಸಿಟಾನ್ ಭಾಷೆಯ ಮಾತು. ದಕ್ಷಿಣ ಫ್ರಾನ್ಸಿನ ಜನರ ಮನೆಮಾತಾಗಿದ್ದು, ಮಧ್ಯಯುಗದಲ್ಲಿ ದೊಡ್ಡ ಕಾವ್ಯಪರಂಪರೆಯನ್ನು ಪಡೆದಿದ್ದ ಆ ಭಾಷೆಯನ್ನು ಶಾಲೆಯಲ್ಲಿ ಆಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. ಇಂದು ಅದನ್ನು ಸಲೀಸಾಗಿ ಆಡುವವರು ಬಹುಮಟ್ಟಿಗೆ ಮುದುಕರು. ಭಾಷೆ ಮನೆ ಬಿಟ್ಟರೂ ಊರಿನ ಹೆಸರಿನಲ್ಲಿ ಉಳಿದುಕೊಂಡಿದೆ.

ನದಿ ದಾಟಿ, ಗುಡ್ಡ ಹತ್ತಿ, ವೆರ್ಮ್ಯುಸ್ ಎಂಬ ನೆತ್ತಿಗೆ ಬಂದೆವು. ಅಲ್ಲಿ ಮೇರಿಮಾತೆಯ ಪ್ರತಿಮೆಯಿದೆ. ಕೆಳಗೆ ಲೋತ್ ಕಣಿವೆ, ಹಸಿರು ಹುಲ್ಲುಗಾವಲು, ಎದುರು ಗುಡ್ಡದ ಮೇಲೆ ಪಾಳುಕೋಟೆ. ಅಲ್ಲಿಂದ ಇಳಿದರೆ ಪೆರ್ಸ್ ಎಂಬಲ್ಲಿ ಸ್ಮಶಾನದ ನಡುವೆ ಕೆಂಗಲ್ಲಿನ ಪುಟ್ಟ ಚರ್ಚು. ಒಂಬತ್ತು ಶತಮಾನ ದಾಟಿದ ಕಟ್ಟಡ. ಬಾಗಿಲ ಮೇಲೆ ಕೊನೆಯ ದಿನದ ನ್ಯಾಯತೀರ್ಮಾನವನ್ನು ಕೆತ್ತಿದ್ದಾರೆ: ಒಂದು ಕಡೆ ಉದ್ಧಾರವಾದವರು, ಇನ್ನೊಂದು ಕಡೆ ನರಕದ ಬಾಯಿ. ಕೆತ್ತನೆ ಒರಟು, ಮೂರ್ತಿಗಳು ಗಿಡ್ಡ. ಆದರೆ ಹಳ್ಳಿಯ ಶಿಲ್ಪಿ ತನ್ನ ಜನಕ್ಕೆ ಅರ್ಥವಾಗುವಂತೆ ಹೇಳಿದ್ದಾನೆ. ಕಾಲೇಜಿನಲ್ಲಿ ನಾನು ರೋಮನೆಸ್ಕ್ ಶಿಲ್ಪದ ಲಕ್ಷಣಗಳನ್ನು ಐದು ಅಂಶಗಳಾಗಿ ಬರೆಸುತ್ತಿದ್ದೆ. ಬಿಸಿಲಿಗೆ ಬೆಚ್ಚಗಾದ ಆ ಕಲ್ಲಿನ ಮೇಲೆ ಅಂಗೈಯಿಟ್ಟಾಗ ಐದರಲ್ಲಿ ಒಂದೂ ನೆನಪಾಗಲಿಲ್ಲ.

ಮುಂದಿನದು ಎಸ್ಪಾಲಿಯೋಂ. ಇದು ಹಳ್ಳಿಯಲ್ಲ, ಪುಟ್ಟ ಪೇಟೆ. ಇಲ್ಲಿ 13ನೆಯ ಶತಮಾನದ ಕೆಂಗಲ್ಲಿನ ಸೇತುವೆಯಿದೆ. ಒಂದಾನೊಂದು ಕಾಲಕ್ಕೆ ಅದರ ಮೇಲೆ ಗೋಪುರಗಳೂ ಅಂಗಡಿಗಳೂ ಇದ್ದವಂತೆ. ನಡುವೆ ನಿಂತು ನೋಡಿದರೆ ನದಿಯಂಚಿಗೆ ಚರ್ಮ ಹದಮಾಡುವವರ ಹಳೆಯ ಮನೆಗಳು. ಮರದ ಮೊಗಸಾಲೆಗಳು ನೀರಿನ ಮೇಲೆ ಚಾಚಿಕೊಂಡಿವೆ. ತೊಗಲು ತೊಳೆಯಲೆಂದು ನೀರಿಗಿಳಿಸಿದ ಚಾಚುಗಲ್ಲುಗಳು ಮೆಟ್ಟಿಲಿನಂತೆ ಉಳಿದಿವೆ. ಅಂದು ಮೂಗು ಮುಚ್ಚಿಕೊಂಡು ದಾಟಬೇಕಾಗಿದ್ದ ಜಾಗವನ್ನು ಇಂದು ಜನ ಚಿತ್ರ ತೆಗೆದುಕೊಳ್ಳಲು ಹುಡುಕಿಕೊಂಡು ಬರುತ್ತಾರೆ. ಕಡಲಿನಿಂದ ಬಹುದೂರದ ಈ ಬೆಟ್ಟದೂರಿನಲ್ಲಿ ನೀರಿನಡಿಯ ಮುಳುಗುಗಾರರ ಉಡುಪುಗಳ ಒಂದು ವಸ್ತುಸಂಗ್ರಹಾಲಯವೂ ಇದೆ. ರೂಕೈರೋಲ್ ಮತ್ತು ದೆನೈರೂಸ್ ಎಂಬ ಈ ಸೀಮೆಯ ಇಬ್ಬರು 1860ರ ದಶಕದಲ್ಲಿ ನೀರಿನಡಿಯಲ್ಲಿ ಉಸಿರಾಡುವ ಸಾಧನವನ್ನು ಕಂಡುಹಿಡಿದರು. ಜೂಲ್ಸ್ ವರ್ನ್ ತನ್ನ ಕಡಲಾಳದ ಕಾದಂಬರಿಯಲ್ಲಿ ಬಳಸಿಕೊಂಡದ್ದು ಇದನ್ನೇ.

ಚೌಕದ ಕೆಫೆಯಲ್ಲಿ ಕಾಫಿ ಕುಡಿಯುವಾಗ ಮಗ ಒಂದು ವಿಷಯ ಹೇಳಿದ. ಪ್ಯಾರಿಸ್ಸಿನ ಕೆಫೆಗಳಲ್ಲಿ ಅನೇಕವನ್ನು ನಡೆಸಿದವರು ಈ ಅವೇರೋಂ ಸೀಮೆಯವರೇ ಅಂತೆ. ನೆಲ ಬಡವಾದದ್ದು, ಚಳಿ ಕ್ರೂರವಾದದ್ದು, ಮಕ್ಕಳು ಹೆಚ್ಚು. 19ನೆಯ ಶತಮಾನದಲ್ಲಿ ಇಲ್ಲಿಯ ಹುಡುಗರು ಪ್ಯಾರಿಸ್ಸಿಗೆ ಹೋಗಿ ಮಹಡಿಮನೆಗಳಿಗೆ ನೀರು ಹೊತ್ತರು, ಆಮೇಲೆ ಇದ್ದಿಲು ಮಾರಿದರು, ಇದ್ದಿಲಿನಂಗಡಿಯ ಮೂಲೆಯಲ್ಲಿ ದ್ರಾಕ್ಷಾರಸ ಮಾರಿದರು. ಕೊನೆಗೆ ಇದ್ದಿಲು ಹೋಗಿ ಕೆಫೆ ಉಳಿಯಿತು. ಕರಾವಳಿಯ ಹುಡುಗರು ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದ ಕತೆಯನ್ನು ಬಲ್ಲ ನಾನು ತಲೆದೂಗಿದೆ. ಅವನು ಬಟ್ಟಲಿನತ್ತ ನೋಡುತ್ತ, “ಹೋದವರೆಲ್ಲ ಊರನ್ನು ಮರೆತರು ಅಂತಲ್ಲ ಅಪ್ಪಯ್ಯ” ಎಂದ. ನಾನು ಉತ್ತರ ಕೊಡಲಿಲ್ಲ.

ಎಸ್ಪಾಲಿಯೋಂ ದಾಟಿ ಒಂದು ಗಂಟೆಗೆ ಬೆಸ್ಯುಯೆಜೂಲ್ ಬರುತ್ತದೆ. ನಾಲ್ಕು ಮನೆ, ಒಂದು ತೊರೆ, ಒಂದು ಚರ್ಚು. ಚರ್ಚಿನ ಗಂಟೆಗೋಪುರದೊಳಗೆ, ಮೊದಲ ಅಂತಸ್ತಿನಲ್ಲಿ, 11ನೆಯ ಶತಮಾನದ ಪೂಜಾಮಂದಿರವೊಂದು ಅಡಗಿದೆ. ಹತ್ತುವುದಕ್ಕೆ ಒಬ್ಬನೇ ನುಸುಳಬಹುದಾದ ಸುರುಳಿ ಮೆಟ್ಟಿಲು. ಸಾವಿರ ವರ್ಷದ ಪಾದಗಳಿಗೆ ಪ್ರತಿ ಮೆಟ್ಟಿಲೂ ನಡುವಿನಲ್ಲಿ ಬೋಗುಣಿಯಂತೆ ಸವೆದಿದೆ. ನನ್ನ ಮಂಡಿ ನಡುಗಿತು. ಮಗ ಹಿಂದಿನಿಂದ ಸೊಂಟಕ್ಕೆ ಕೈಯಾನಿಸಿ ಹತ್ತಿಸಿದ. ಮೇಲೆ ಕಲ್ಲಿನ ವೇದಿಕೆ, ಅದರ ಬದಿಗಳಲ್ಲಿ ಹಗ್ಗ ಹೆಣೆದಂತಹ ಕೆತ್ತನೆ, ದೇವದೂತರು. ಕಿಟಕಿಯಿಂದ ಒಂದು ಗೇಣು ಬೆಳಕು. ಚಿಕ್ಕಂದಿನಲ್ಲಿ ಅವನನ್ನು ನಮ್ಮ ಮನೆಯ ಅಟ್ಟಕ್ಕೆ ಹೀಗೆಯೇ ಹಿಂದಿನಿಂದ ಹಿಡಿದು ಹತ್ತಿಸುತ್ತಿದ್ದವನು ನಾನು. ಅವನಿಗೂ ಅದು ನೆನಪಾಯಿತೋ ಏನೋ, ಇಬ್ಬರೂ ಹೇಳಿಕೊಳ್ಳಲಿಲ್ಲ.

ಅಲ್ಲಿಂದ ಮುಂದಿನ ಏರು ಕಡಿದಾದದ್ದು. ಹಿಂದಿನ ರಾತ್ರಿ ಮಳೆಯಾಗಿತ್ತು. ಕೆಸರು ಬೂಟನ್ನು ಹಿಡಿದೆಳೆಯುತ್ತಿತ್ತು. ನೆತ್ತಿ ತಲುಪಿದ ಮೇಲೆ ದಾರಿ ಹೊಲಗಳ ನಡುವೆ, ಸಣ್ಣ ಸಣ್ಣ ಊರುಗಳ ಅಂಚಿನಲ್ಲಿ ಸಾಗುತ್ತದೆ. ಮನೆಗಳು ಕಲ್ಲಿನವು, ಮಾಡು ಕಲ್ಲುಹಲಗೆಯದು, ಕುಂಡಗಳಲ್ಲಿ ಹೂ, ಕಸವಿಲ್ಲ, ಕೂಗಿಲ್ಲ. ಮೊದಮೊದಲು ಈ ಚೆಲುವಿಗೆ ಮನಸೋತೆ. ಆಮೇಲೆ ಒಂದೊಂದಾಗಿ ಎಣಿಸತೊಡಗಿದೆ: ಮುಚ್ಚಿದ ಕಿಟಕಿ, ಮುಚ್ಚಿದ ಕಿಟಕಿ, ಮುಚ್ಚಿದ ಕಿಟಕಿ. ಫ್ರಾನ್ಸಿನಲ್ಲಿ ಚೆಲುವಾದ ಹಳ್ಳಿಗಳದೇ ಒಂದು ಸಂಘವಿದೆ, 1982ರಲ್ಲಿ ಹುಟ್ಟಿದ್ದು. ಸ್ಯಾಂ ಕೋಮ್ ಮತ್ತು ಎಸ್ತ್ಯಾಂ ಎರಡೂ ಅದಕ್ಕೆ ಸೇರಿವೆ. ಸೇರಬೇಕಾದರೆ ಜನಸಂಖ್ಯೆ 2,000 ಮೀರಿರಬಾರದೆಂದು ನಿಯಮ. ಹಲವು ಹಳ್ಳಿಗಳಿಗೆ ಈ ನಿಯಮವನ್ನು ಪಾಲಿಸುವುದು ಕಷ್ಟವೇ ಅಲ್ಲ.

ಜನ ಎಲ್ಲಿಗೆ ಹೋದರು? ಅರ್ಧ ಉತ್ತರ ಪ್ಯಾರಿಸ್ಸಿನ ಕೆಫೆಗಳಲ್ಲಿದೆ. ಇನ್ನೊಂದು ಉತ್ತರ ಊರೂರಿನ ಚೌಕದ ಸ್ಮಾರಕಸ್ತಂಭದ ಮೇಲಿದೆ. 1914ರಿಂದ 1918ರವರೆಗಿನ ಯುದ್ಧದಲ್ಲಿ ಫ್ರಾನ್ಸಿನ 13 ಲಕ್ಷಕ್ಕೂ ಮೀರಿ ಸೈನಿಕರು ಸತ್ತರು. ಅವರಲ್ಲಿ ಬಹಳ ಮಂದಿ ರೈತರ ಮಕ್ಕಳು. ನೂರು ಮನೆಯಿಲ್ಲದ ಊರಿನಲ್ಲೂ ಉದ್ದನೆಯ ಹೆಸರಿನ ಪಟ್ಟಿ. ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ.

ತ್ರೇದೂ ಎಂಬ ಸಣ್ಣ ಊರಿನ ಹತ್ತಿರ ನಮ್ಮ ನೀರು ಮುಗಿಯಿತು. ಅಲ್ಲಿಯ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ, ನಡೆಯುವವರು ನೀರಿಗೆ ಅಲ್ಲಿಗೇ ಹೋಗುತ್ತಾರೆ ಎಂದು ಮಗ ಹೇಳುತ್ತಿದ್ದಾಗ, ಒಂದು ಮನೆಯ ಮುಂದೆ ಕುಳಿತಿದ್ದ ವೃದ್ಧೆಯೊಬ್ಬಳು ಕೈಬೀಸಿ ಕರೆದಳು. ಎಂಬತ್ತು ದಾಟಿದ ವಯಸ್ಸು, ನೀಲಿ ಮೇಲಂಗಿ, ಮಡಿಲಲ್ಲಿ ಬಟಾಣಿ ಬಿಡಿಸುವ ಬೋಗುಣಿ. ಒಳಗಿನಿಂದ ತಣ್ಣೀರು ತಂದುಕೊಟ್ಟಳು. ಎಲ್ಲಿಯವರೆಂದು ಕೇಳಿದಳು. ಇಂಡಿಯಾ ಎಂದಾಗ, ಅಷ್ಟು ದೂರದಿಂದ ನಡೆದೇ ಬಂದಿರಾ ಎಂದು ನಕ್ಕಳು.

ಪಕ್ಕದ ಮನೆಗೆ ಬೀಗ. ಆದರೆ ಮೇಲಿನ ಎರಡು ಕಿಟಕಿಗಳು ತೆರೆದಿದ್ದವು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿಸಿದೆ. ಮಗ ತರ್ಜುಮೆ ಮಾಡಿದಂತೆ ಅವಳು ಹೇಳಿದ್ದು ಇಷ್ಟು: ಆ ಮನೆಯವರು ನಾಲ್ಕು ತಲೆಮಾರಿನಿಂದ ಪ್ಯಾರಿಸ್ಸಿನಲ್ಲಿದ್ದಾರೆ. ಆಗಸ್ಟಿನಲ್ಲಿ ಮೂರು ವಾರ ಬರುತ್ತಾರೆ. ಬೀಗದಕೈ ತನ್ನ ಹತ್ತಿರ ಇದೆ. ಶನಿವಾರಕ್ಕೊಮ್ಮೆ ಕಿಟಕಿ ತೆರೆಯುತ್ತಾಳೆ. ಚಳಿಗಾಲದಲ್ಲಿ ಆಗಾಗ ಒಲೆ ಹೊತ್ತಿಸುತ್ತಾಳೆ. ಇಲ್ಲದಿದ್ದರೆ ತೊಲೆಗೆ ಹುಳು ಹತ್ತುತ್ತದೆ, ಗೋಡೆ ತೇವ ಹಿಡಿಯುತ್ತದೆ. ತನ್ನ ಕಾಲಾನಂತರ ಯಾರು ಎಂಬುದು ತನಗೂ ಗೊತ್ತಿಲ್ಲ.

ಆಗ ಮಗ ಅವಳಿಗೆ ಏನೋ ಹೇಳಿದ. ಏನೆಂದು ಕೇಳಿದೆ. “ನಮ್ಮದೂ ಇಂಥದೇ ಒಂದು ಮನೆ ಇದೆ ಅಂದೆ.” ‘ನಿಮ್ಮದು’ ಎನ್ನದೆ ‘ನಮ್ಮದು’ ಎಂದದ್ದನ್ನು ನಾನು ಗಮನಿಸಿದೆ. ಅಜ್ಜಿ ನನ್ನತ್ತ ತಿರುಗಿ ಒಂದು ಪ್ರಶ್ನೆ ಹಾಕಿದಳು. ಮಗ ಕನ್ನಡಕ್ಕೆ ತಂದ: “ನಿಮ್ಮ ಮನೆಯ ಬೀಗದಕೈ ಯಾರ ಹತ್ತಿರ ಇದೆ ಅಂತ ಕೇಳುತ್ತಿದ್ದಾರೆ.”

ನಾನು ಏನು ಹೇಳಲಿ? ಬೀಗದಕೈ ತುಲೂಸಿನಲ್ಲಿತ್ತು, ನನ್ನ ಪೆಟ್ಟಿಗೆಯಲ್ಲಿ, ಪಾಸ್‌ಪೋರ್ಟಿನ ಪಕ್ಕದಲ್ಲಿ. ಯಾರ ಕೈಗೂ ಕೊಡಲಾರದೆ ಅದನ್ನು ಸಮುದ್ರ ದಾಟಿಸಿ ತಂದಿದ್ದೆ. ಮಾರಲಿಲ್ಲವೆಂಬುದನ್ನೇ ಮನೆಗೆ ತೋರಿದ ನಿಷ್ಠೆಯೆಂದು ಹನ್ನೊಂದು ವರ್ಷ ಎಣಿಸಿದ್ದೆ. ಒಲೆಯ ಹೊಗೆ ಕಾಣದೆ ಅಟ್ಟದ ಮರಕ್ಕೆ ಗೆದ್ದಲು ಹತ್ತಿದ್ದನ್ನು ಹಿಂದಿನ ಬೇಸಿಗೆಯಲ್ಲಿ ಕಣ್ಣಾರೆ ನೋಡಿ ಬಂದಿದ್ದೆ, ಮಗನಿಗೆ ಹೇಳಿರಲಿಲ್ಲ. “ನನ್ನ ಹತ್ತಿರವೇ ಇದೆ ಅಂತ ಹೇಳು” ಎಂದೆ. ಅಜ್ಜಿ ಏನೂ ಅನ್ನಲಿಲ್ಲ. ಒಂದು ಹಿಡಿ ಹಸಿ ಬಟಾಣಿಯನ್ನು ನನ್ನ ಕೈಗಿತ್ತಳು.

ಇಳಿಮುಖದ ದಾರಿಯಲ್ಲಿ ಬಟಾಣಿ ತಿನ್ನುತ್ತ ಮಾತಿಲ್ಲದೆ ನಡೆದೆವು. ಸಂಜೆ ಐದರ ಹೊತ್ತಿಗೆ ದಾರಿ ಮತ್ತೆ ನದಿಯಂಚಿಗೆ ಬಂತು. ತಿರುವಿನಲ್ಲಿ ಎಸ್ತ್ಯಾಂ ಕಾಣಿಸಿತು: ಗಾಥಿಕ್ ಕಾಲದ ಸೇತುವೆ, ಅದರಾಚೆ ಒಂದರ ಹೆಗಲ ಮೇಲೊಂದು ಏರಿದ ಮನೆಗಳು, ಎಲ್ಲದರ ಮೇಲೆ ಅರಮನೆ. ಸೇತುವೆಯ ಮೇಲೆ ಬಿಷಪ್ ಫ್ರಾಂಸ್ವಾ ದೆಸ್ತ್ಯಾಂನ ಪ್ರತಿಮೆಯಿದೆ. ರೊದೇಜ್ ನಗರದ ಮಹಾ ಚರ್ಚಿಗೆ ಗೋಪುರ ಕಟ್ಟಿಸಿದವನು ಅವನು. ಕಟ್ಟಿದ ಶಿಲ್ಪಿ, ಬೆಳಿಗ್ಗೆ ನಾವು ಬಾಗಿಲ ಮೊಳೆ ಎಣಿಸಿದ ಚರ್ಚಿನ ಅದೇ ಸಾಲ್ವಾಂ.

ಎಸ್ತ್ಯಾಂ ಮನೆತನದ ಕತೆ ದೊಡ್ಡದು. ಆ ವಂಶದ ಕೊನೆಯ ಪ್ರಸಿದ್ಧ ಪುರುಷ ನೌಕಾಧಿಪತಿ ಶಾರ್ಲ್ ಎಕ್ತರ್ ದೆಸ್ತ್ಯಾಂ. ಅವನು ನಮ್ಮ ಕಡೆಗೂ ಬಂದಿದ್ದವನು: 1758ರಲ್ಲಿ ಫ್ರೆಂಚರು ಮದರಾಸಿಗೆ ಮುತ್ತಿಗೆ ಹಾಕಿದಾಗ ಇಂಗ್ಲಿಷರ ಕೈಗೆ ಸೆರೆಸಿಕ್ಕಿದ. 1794ರಲ್ಲಿ, ಕ್ರಾಂತಿಯ ಕಾಲದಲ್ಲಿ, ಅವನ ತಲೆ ಹೋಯಿತು. 19ನೆಯ ಶತಮಾನದಲ್ಲಿ ಅರಮನೆ ಕ್ರೈಸ್ತ ಸನ್ಯಾಸಿನಿಯರ ವಾಸಸ್ಥಾನವಾಯಿತು. 2005ರಲ್ಲಿ ಅದನ್ನು ಕೊಂಡವರು ಫ್ರಾನ್ಸಿನ ಮಾಜಿ ಅಧ್ಯಕ್ಷ ವಾಲೆರಿ ಜಿಸ್ಕಾರ್ ದೆಸ್ತ್ಯಾಂ ಮತ್ತು ಅವರ ಬಂಧುಗಳು. ಅವರ ಮನೆಯವರು ‘ದೆಸ್ತ್ಯಾಂ’ ಎಂಬ ಹೆಸರನ್ನು ಸೇರಿಸಿಕೊಂಡದ್ದು 1920ರ ದಶಕದಲ್ಲಿ. ಅವರೂ 2020ರಲ್ಲಿ ತೀರಿಕೊಂಡರು. ರಕ್ತಸಂಬಂಧಿಗಳು, ಸನ್ಯಾಸಿನಿಯರು, ಹೆಸರು ಸೇರಿಸಿಕೊಂಡವರು: ಇಷ್ಟು ಕೈ ಬದಲಾದರೂ ಮಾಡು ಬೀಳಲಿಲ್ಲ. ಒಳಗೆ ಯಾರೋ ಒಬ್ಬರು ದೀಪ ಹಚ್ಚುತ್ತಲೇ ಬಂದರು.

ರಾತ್ರಿ ತಂಗಿದ್ದು ಯಾತ್ರಿಕರ ಮನೆಯೊಂದರಲ್ಲಿ. ಬಾಡಿಗೆಯಿಲ್ಲ, ಇಷ್ಟವಿದ್ದಷ್ಟು ಹುಂಡಿಗೆ ಹಾಕಬಹುದು. ಸಸ್ಯಾಹಾರಿಯಾದ ನನಗೆ ಊಟದ ಚಿಂತೆಯಿತ್ತು. ಬಡಿಸಿದ್ದು ‘ಅಲಿಗೋ’: ಬೇಯಿಸಿ ಅರೆದ ಆಲೂಗಡ್ಡೆಗೆ ಹೊಸ ಗಿಣ್ಣು, ಬೆಣ್ಣೆ, ಬೆಳ್ಳುಳ್ಳಿ ಸೇರಿಸಿ, ಕೈಸೋಲುವ ತನಕ ತಿರುವಿದ್ದು. ಸೌಟೆತ್ತಿದರೆ ಮಾರುದ್ದ ದಾರವಾಗಿ ಎಳೆಯುತ್ತದೆ. ಹತ್ತಿರದ ಓಬ್ರಾಕ್ ಪ್ರಸ್ಥಭೂಮಿಯ ಸನ್ಯಾಸಿಗಳು ಯಾತ್ರಿಕರಿಗೆ ಬಡಿಸುತ್ತಿದ್ದ ಗಂಜಿಯಿಂದ ಇದು ಬಂದಿತೆಂದು ಪ್ರತೀತಿ. ಆಗ ಆಲೂಗಡ್ಡೆಯ ಜಾಗದಲ್ಲಿ ರೊಟ್ಟಿಯಿತ್ತಂತೆ. ಅದೇ ಮಠದಲ್ಲಿ ಮಂಜು ಮುಸುಕಿದಾಗ, ದಾರಿ ತಪ್ಪಿದವರಿಗೆ ಕೇಳಲೆಂದು ಗಂಟೆ ಬಾರಿಸುತ್ತಿದ್ದರು.

ಊಟವಾದ ಮೇಲೆ ಸೇತುವೆಯ ಕಟ್ಟೆಯ ಮೇಲೆ ಕುಳಿತೆವು. ನದಿಯ ಸದ್ದೊಂದೇ. ನಾನೇ ಮೊದಲು ಬಾಯಿಬಿಟ್ಟೆ. “ಅಟ್ಟಕ್ಕೆ ಗೆದ್ದಲು ಹತ್ತಿದೆ ಕಣೋ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಯ್ಯ, ಅವತ್ತು ನಾನು ಕೊಟ್ಟುಬಿಡಿ ಅಂದಿದ್ದೆ. ಮಾರಿಬಿಡಿ ಅಂದಿರಲಿಲ್ಲ. ಯಾರಿಗಾದರೂ ಇರುವುದಕ್ಕೆ ಕೊಡಿ ಅಂತ ನನ್ನ ಮನಸ್ಸಿನಲ್ಲಿತ್ತು” ಎಂದ. ಮೂವತ್ತು ವರ್ಷ ಮೇಷ್ಟರಾಗಿದ್ದವನು ನಾನು. ಮನೆಮಾತಿನ ಒಂದು ಕ್ರಿಯಾಪದವನ್ನು, ಸ್ವಂತ ಮಗನ ಬಾಯಿಂದ ಬಂದದ್ದನ್ನು, ನನ್ನ ಹೆದರಿಕೆಗೆ ತಕ್ಕಂತೆ ಅರ್ಥಮಾಡಿಕೊಂಡು ಕುಳಿತಿದ್ದೆ.

ಊರಿಗೆ ಮರಳಿದ ಮೇಲೆ ಮನೆಯನ್ನು ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟರ ಸಂಸಾರಕ್ಕೆ ಇರಲು ಕೊಟ್ಟೆ. ಎರಡು ಸಣ್ಣ ಮಕ್ಕಳಿದ್ದಾರೆ. ಅವರು ದೇವರ ಕೋಣೆಗೆ ಹಸಿರು ಬಣ್ಣ ಬಳಿದಿದ್ದಾರೆ. ತಂದೆಯವರ ಮಂಚ ಚಾವಡಿಯಿಂದ ಹಿಂದಿನ ಕೋಣೆಗೆ ಹೋಗಿದೆ. ಮೊದಲ ಸಲ ನೋಡಿದಾಗ ಹೊಟ್ಟೆಯೊಳಗೆ ಚುರ್ರೆಂದದ್ದನ್ನು ಮುಚ್ಚಿಡುವುದಿಲ್ಲ. ಆದರೆ ಬಚ್ಚಲ ಒಲೆ ದಿನವೂ ಉರಿಯುತ್ತಿದೆ. ಹೆಂಚಿನ ಸಂದಿಯಿಂದ ಹೊಗೆ ಏಳುವುದು ಗದ್ದೆಯ ಆಚೆಯಿಂದಲೇ ಕಾಣುತ್ತದೆ.

ಬಸ್ಸು ಇಳಿದು ಈಗ ನಾನು ಎರಡು ಮೈಲಿ ನಡೆದೇ ಹೋಗುತ್ತೇನೆ. ಬೀಗದಕೈ ನನ್ನ ಹತ್ತಿರ ಇಲ್ಲವಾದ್ದರಿಂದ ಹೆಬ್ಬಾಗಿಲ ಮುಂದೆ ನಿಂತು ಕೂಗಬೇಕು. ಮೇಷ್ಟರ ಮಗಳು ಓಡಿಬಂದು, “ಅಜ್ಜ ಬಂದ್ರು” ಎಂದು ಒಳಗೆ ಸಾರಿ, ಕಾಲಿಗೆ ನೀರು ತಂದಿಡುತ್ತಾಳೆ.